ಹಿಂದಿನ ಬೆಂಚಿನವರ ಹೆಂಡತಿ

“ಇವತ್ತು ನನಗೆ ಯಾವ ಕಾಯಿಲೆ?” ಎಂದು ಹೆಂಡತಿ ಒಳಗಿನಿಂದ ಕೇಳಿದಾಗ ಅವನು ಕನ್ನಡಿಯ ಮುಂದೆ ಗಲ್ಲ ಎತ್ತಿ ಹಿಡಿದು ಕುತ್ತಿಗೆಯ ಮೇಲಿನ ಕೂದಲು ತೆಗೆಯುತ್ತಿದ್ದ. ರೇಜರು ಒಂದು ಗಳಿಗೆ ನಿಂತಿತು. ಭಾನುವಾರ ಬಂದರೆ ಅವಳು ಕೇಳುವ ಪ್ರಶ್ನೆಯೇ ಅದು, ಹೊಸದೇನಲ್ಲ. ಆದರೂ ಪ್ರತಿ ಭಾನುವಾರ ರೇಜರು ನಿಲ್ಲುತ್ತಿತ್ತು. “ಇವತ್ತು ಕಾಯಿಲೆ ಇಲ್ಲ ಕಣೇ, ವರದಿ ಓದೋದು ಅಷ್ಟೇ” ಎಂದ. “ಸದ್ಯ, ಒಂದು ವಾರ ಬದುಕಿಕೊಂಡೆ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನೂ ಎದುರಾಡಿ ಹಗುರಾಗುತ್ತಿದ್ದ. ಅವಳು ಊಟದ ಮೇಜಿನ ಮೇಲೆ ಮಕ್ಕಳ ಕಾಪಿ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು, ಕೆಂಪು ಶಾಯಿಯಲ್ಲಿ ತಿದ್ದುತ್ತ, ತಲೆ ಎತ್ತದೆ, ನಾಳೆ ಹಾಲು ಅರ್ಧ ಲೀಟರು ಸಾಕು ಎನ್ನುವಷ್ಟೇ ಸಲೀಸಾಗಿ ಹೇಳುತ್ತಿದ್ದಳು. ಪ್ರೈಮರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು. ಯಾವ ಹುಡುಗ ಎಂಥ ಸುಳ್ಳು ಹೇಳುವಾಗ ಎತ್ತ ನೋಡುತ್ತಾನೆ ಎಂಬುದು ಅವಳಿಗೆ ಬಾಯಿಪಾಠ. ಅವನು ಮುಖ ಒರೆಸಿಕೊಂಡು, ಕಂದು ಕೋಟು ಬೇಡವೆಂದು ಬೂದು ಕೋಟು ಹಾಕಿಕೊಂಡ. ಆರು ವಾರದ ಹಿಂದೆ ಆ ಚರ್ಚಿಗೆ ಹೋದಾಗ ಕಂದು ಕೋಟು, ನಾಲ್ಕು ದಿನದ ಗಡ್ಡ, ಪವರಿಲ್ಲದ ದಪ್ಪ ಕನ್ನಡಕ ಇದ್ದವು. ಇವತ್ತು ಮೂರೂ ಇಲ್ಲ. ಜೇಬಿಗೆ ಕೈ ಹಾಕಿ ಗಡಿಯಾರ ಇದೆಯೇ ಎಂದು ನೋಡಿಕೊಂಡ. ಇವತ್ತು ಅದಕ್ಕೆ ಕೆಲಸವಿರಲಿಲ್ಲ. ಆದರೂ ಅದಿಲ್ಲದೆ ಅವನಿಗೆ ಯಾವ ಚರ್ಚಿನ ಮೆಟ್ಟಿಲನ್ನೂ ಹತ್ತಲಾಗುತ್ತಿರಲಿಲ್ಲ.

ಅವನ ವಿಸಿಟಿಂಗ್ ಕಾರ್ಡಿನಲ್ಲಿ ‘ಸಭಾ ಆರೋಗ್ಯ ಸಲಹೆಗಾರರು’ ಎಂದಿತ್ತು. ಸಭೆಯೆಂದರೆ ಚರ್ಚಿಗೆ ಸೇರಿದ ಜನ. ತನಗೆ ತಾನೇ ಬಹುವಚನ ಹಾಕಿಕೊಂಡಿದ್ದ, ಹಿಂದೆ ದೊಡ್ಡ ತಂಡವಿದೆಯೆಂದು ಜನ ತಿಳಿದುಕೊಳ್ಳಲಿ ಎಂದು. ಜನ ಕಡಿಮೆಯಾಗಿ ಜಗಳ ಹೆಚ್ಚಾದ, ಪಾದ್ರಿಗಳಾದ ಸಭಾಪಾಲಕರು ಎರಡು ವರ್ಷಕ್ಕೇ ಸುಸ್ತು ಹೊಡೆದು ವರ್ಗ ಕೇಳುವ, ಹಿರಿಯರು ಮೈಕು ಯಾರ ಕೈಯಲ್ಲಿರಬೇಕೆಂದು ಮಾತು ಬಿಟ್ಟಿರುವ ಚರ್ಚುಗಳು ಅವನನ್ನು ಕರೆಸುತ್ತಿದ್ದವು. ಅವನು ಎಪ್ಪತ್ತೆರಡು ಪ್ರಶ್ನೆಗಳ ಹಾಳೆ ಕಳಿಸಿ, ಹಿರಿಯರನ್ನು ಒಬ್ಬೊಬ್ಬರಾಗಿ ಫೋನಿನಲ್ಲೇ ಕೇಳಿ, ಕೊನೆಗೆ ಬಣ್ಣದ ವೃತ್ತಗಳಿರುವ ವರದಿ ಕೊಟ್ಟು ಬರುತ್ತಿದ್ದ. ಸಭೆಗೆ ಏಳು ನಾಡಿಗಳಿವೆ ಎಂಬುದು ಅವನ ಶಾಸ್ತ್ರ. ಹೋಟೆಲೊಂದರ ಹಾಲಿನಲ್ಲಿ ಐದು ದಿನ ಕೂತು ಕಲಿತು, ಪ್ಲಾಸ್ಟಿಕ್ ಹೊದಿಸಿದ ಸರ್ಟಿಫಿಕೇಟು ತಂದಿದ್ದ. ಯಾವ ಸಭೆಗೆ ಹೋದರೂ ಏಳರಲ್ಲಿ ಎರಡು ನಾಡಿ ಕುಂದಿಯೇ ಇರುತ್ತಿದ್ದವು. ಏಳೂ ಗಟ್ಟಿಯಿದ್ದರೆ ಮತ್ತೆ ಕರೆಯುವವರು ಯಾರು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದರಲ್ಲಿ ಅವನದು ಎತ್ತಿದ ಕೈ. ‘ನಾಯಕತ್ವದಲ್ಲಿ ಬೆಳೆಯುವ ಅವಕಾಶ ಕಾಣುತ್ತದೆ’ ಎಂದು ಬರೆದರೆ ಸಭಾಪಾಲಕರು ಅದು ಹಿರಿಯರಿಗೆ ಹೇಳಿದ್ದೆಂದು ತಲೆದೂಗುತ್ತಿದ್ದರು, ಹಿರಿಯರು ಸಭಾಪಾಲಕರಿಗೆ ಹೇಳಿದ್ದೆಂದು ತಲೆದೂಗುತ್ತಿದ್ದರು. ಇಷ್ಟು ಜನ ಇಷ್ಟು ಸುಲಭವಾಗಿ ತಲೆದೂಗುವುದನ್ನು ನೋಡಿ ನೋಡಿ ಅವನಿಗೆ ಅವರ ಮೇಲೆ ತಾತ್ಸಾರ ಬೆಳೆದಿತ್ತು. ತನ್ನ ಮೇಲೆ ಬೆಳೆದದ್ದಕ್ಕೆ ಹೆಸರಿಟ್ಟಿರಲಿಲ್ಲ.

ಎಲ್ಲಕ್ಕಿಂತ ಮೊದಲು ಗುಟ್ಟಿನ ಭೇಟಿ. ಒಂದು ಭಾನುವಾರ ಯಾರೋ ಹೊಸಬರಂತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಎಷ್ಟು ಹೊತ್ತಿಗೆ ಯಾರು ಮಾತಾಡಿಸಿದರು, ಕಕ್ಕಸಿಗೆ ಚಿಲಕವಿದೆಯೇ, ಸಭಾಪಾಲಕರ ಪ್ರಸಂಗ ಕೊನೆಯ ಸಾಲಿಗೆ ಕೇಳಿಸುತ್ತದೆಯೇ ಎಂದು ನೋಡಿ ಬರೆದುಕೊಳ್ಳುವುದು. ವರದಿ ಕೊಡುವವನೇ ಹೋಗಬಾರದು, ಬೇರೆಯವರು ಹೋಗಬೇಕೆಂಬುದು ನಿಯಮ. ಬೇರೆಯವರು ಯಾರಿದ್ದಾರೆ? ತಂಡವೆಂದರೆ ಅವನೇ. ಆಮೇಲೆ ಒಂದು ಸಂಕಟ ತೋಡಿಕೊಳ್ಳಬೇಕು. ಇದು ಮಾತ್ರ ಕರೆಸಿದವರಿಗೂ ಗೊತ್ತಿರದ ಒಳಗುಟ್ಟು. ಪಕ್ಕದಲ್ಲಿ ಕೂತವರಿಗೆ ಒಂದು ಕಷ್ಟ ಹೇಳಿ, ಜೇಬಿನಲ್ಲಿ ಗಡಿಯಾರದ ಗುಂಡಿ ಒತ್ತಿ, ಸಾಂತ್ವನದ ಮೊದಲ ಮಾತು ಎಷ್ಟನೇ ನಿಮಿಷಕ್ಕೆ ಬಂತೆಂದು ಹಾಳೆಯಲ್ಲಿ ತುಂಬಬೇಕು. ಹತ್ತು ನಿಮಿಷ ಮೀರಿದರೆ ಸೊನ್ನೆ. ಕಷ್ಟ ನಂಬುವಂತಿರಲಿ, ಸಣ್ಣ ವಿವರಗಳಿರಲಿ ಎಂದು ಐದು ದಿನದ ಪಾಠದಲ್ಲಿ ಹೇಳಿಕೊಟ್ಟಿದ್ದರು. ನಂಬುವಂಥ ಕಷ್ಟ ಎಲ್ಲಿಂದ ತರುವುದು ಎಂದು ಯೋಚಿಸಿದಾಗ ಕೈಗೆ ಸಿಕ್ಕಿದವಳು ಹೆಂಡತಿ. ಒಂದು ಚರ್ಚಿನಲ್ಲಿ ಅವಳಿಗೆ ಮೂತ್ರಕೋಶ ಕೆಟ್ಟಿತು, ಇನ್ನೊಂದರಲ್ಲಿ ಎದೆ, ಮತ್ತೊಂದರಲ್ಲಿ ಹೊಟ್ಟೆಯಲ್ಲಿ ಗಡ್ಡೆ. ಗಡಿಯಾರವೂ ಅವಳದೇ, ಅವಳ ಶಾಲೆಯಲ್ಲಿ ಓಟದ ಪಂದ್ಯಕ್ಕೆ ಬಳಸುತ್ತಿದ್ದ ಹಳೆಯ ಉಕ್ಕಿನ ಗಡಿಯಾರ. ಒತ್ತಿದರೆ ಟಿಕ್ ಎನ್ನುತ್ತಿತ್ತು. ಒಂದು ವಾರಕ್ಕೆಂದು ಕೇಳಿ ಇಸಿದುಕೊಂಡದ್ದು ನಾಲ್ಕು ವರ್ಷವಾಗಿತ್ತು.

ಅವಳಿಗೆ ಇದೆಲ್ಲ ಗೊತ್ತಾದದ್ದು ಬಟ್ಟೆ ಅಂಗಡಿಯಲ್ಲಿ. ಪರದೆಯ ಬಟ್ಟೆ ನೋಡುತ್ತಿದ್ದಾಗ ಯಾವುದೋ ಚರ್ಚಿನ ಮುದುಕಿಯೊಬ್ಬಳು ಅವನನ್ನು ಗುರುತು ಹಿಡಿದು, ಹೆಂಡತಿಯ ಎರಡೂ ಕೈ ಹಿಡಿದುಕೊಂಡು, “ನೀವೇನಾ ತಾಯಿ, ಗಡ್ಡೆ ಕರಗ್ತಾ, ದಿನಾ ನೆನಪು ಮಾಡ್ಕೊತೀನಿ” ಎಂದು ಕಣ್ಣೀರು ಹಾಕಿದ್ದಳು. ಅವನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಹೆಂಡತಿ ಅವನ ಕಡೆ ಒಂದು ಸಲ ನೋಡಿ, ಮುದುಕಿಯ ಕಡೆ ತಿರುಗಿ, “ಹೂಂ ಅಮ್ಮಾ, ಕರಗ್ತು” ಎಂದಳು. ಅವಳ ಬೆನ್ನು ಸವರಿ ಸಮಾಧಾನ ಮಾಡಿ ಕಳಿಸಿದಳು. ಪರದೆಯ ಬಟ್ಟೆ ಆರಿಸಿ, ಕತ್ತರಿಸಿ ಕೊಡಲು ಹೇಳಿ, ಬಸ್ಸಿನಲ್ಲಿ ಕೂತು, ಮನೆಗೆ ಬಂದು, ಚಪ್ಪಲಿ ಬಿಚ್ಚಿ, ಆಮೇಲೆ ಕೇಳಿದಳು: “ಯಾವ ಗಡ್ಡೆ?” ಅವನು ಹೇಳಿದ. ಏಳು ನಾಡಿಗಳ ಬಗ್ಗೆಯೂ, ಗಡಿಯಾರ ಒತ್ತಿ ನಿಮಿಷ ಎಣಿಸುವುದರ ಬಗ್ಗೆಯೂ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, “ನಿಮ್ಮಮ್ಮನ್ನ ಮಲಗಿಸಬಹುದಿತ್ತಲ್ಲ, ನಾನೇ ಯಾಕೆ?” ಎಂದಳು. ಅಮ್ಮನ ಮೇಲೆ ಅಂಥ ಸುಳ್ಳು ಹೇಳಲು ಅವನಿಗೆ ಮನಸ್ಸು ಬಂದಿರಲಿಲ್ಲ. ಹಾಗೆಂದು ಬಾಯಿ ಬಿಟ್ಟು ಹೇಳಿಯೂ ಬಿಟ್ಟ. ಅವತ್ತಿನಿಂದ ಅವಳು ಅವನ ಜೊತೆ ಯಾವ ಚರ್ಚಿಗೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಆ ಒಂದು ಪ್ರಶ್ನೆ ಮಾತ್ರ ತಪ್ಪಲಿಲ್ಲ.

ಬಸ್ಸಿನಲ್ಲಿ ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕನೇ ಪುಟ ತೆಗೆದ. ‘ಸ್ವಾಗತದ ನಾಡಿ: ಅತಿ ಕ್ಷೀಣ. ಬಾಗಿಲಲ್ಲಿ ಮಾತಿಲ್ಲ. ಸಂಕಟಕ್ಕೆ ಸ್ಪಂದನ: ಸೊನ್ನೆ. ಶಿಫಾರಸು: ಬಾಗಿಲಿನ ಸೇವೆಯನ್ನು ತರಬೇತಿ ಪಡೆದ ನಾಲ್ವರ ತಂಡಕ್ಕೆ, ಬ್ಯಾಡ್ಜ್ ಸಹಿತ, ವಹಿಸುವುದು.’ ಒಳ್ಳೆಯ ಶಿಫಾರಸು. ತರಬೇತಿ ಕೊಡಲು ಅವನನ್ನೇ ಕರೆಯಬೇಕಾಗುತ್ತದೆ. ಆರು ವಾರದ ಹಿಂದೆ ಆ ಗುಟ್ಟಿನ ಭೇಟಿಗೆ ಹೋದಾಗ ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಕುಳ್ಳಿ, ಒಂದು ಭುಜ ಸ್ವಲ್ಪ ಮೇಲೆ. ನಗಲಿಲ್ಲ, ಬನ್ನಿ ಎನ್ನಲಿಲ್ಲ, ತಲೆಯಾಡಿಸಿ ಬಾಗಿಲನ್ನು ಇನ್ನೊಂದು ಗೇಣು ತೆಗೆದಳು. ಮೊದಲ ಕೀರ್ತನೆಯ ಹೊತ್ತಿಗೆ ಬಾಗಿಲು ಮುಂದೆ ಮಾಡಿ ಬಂದು ಅದೇ ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಪಿಸುದನಿಯಲ್ಲಿ, ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಮೂರನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ, ನಾಳಿದ್ದು ಆಪರೇಷನ್ನು ಎಂದ. ಟಿಕ್. ಅಜ್ಜಿ ಅವನ ಮುಖವನ್ನೇ ನೋಡಿದಳು. ಒಂದು ಮಾತೂ ಆಡಲಿಲ್ಲ. ಸರಿದು ಹತ್ತಿರ ಬಂದು, ಕೀರ್ತನೆ ಪುಸ್ತಕದಲ್ಲಿ ಪುಟ ಹುಡುಕಿ, ಪುಸ್ತಕದ ಅರ್ಧವನ್ನು ಅವನ ಕಡೆ ಹಿಡಿದಳು. ಹಾಡು ಮುಗಿಯಿತು, ಬೈಬಲಿನ ಪಾಠ ಓದಿದರು, ಅಜ್ಜಿ ಆ ಪುಸ್ತಕವನ್ನು ಹಾಗೇ ಇಬ್ಬರ ನಡುವೆ ಹಿಡಿದುಕೊಂಡೇ ಇದ್ದಳು. ಅವಳ ಮೊಣಕೈ ಅವನ ಮೊಣಕೈಗೆ ತಾಗಿ ಬೆಚ್ಚಗಿತ್ತು. ಅವನಿಗೆ ಒಂದು ಕ್ಷಣ ನಿಜಕ್ಕೂ ಹೆಂಡತಿ ಮೂರನೇ ಮಹಡಿಯಲ್ಲಿದ್ದಾಳೆ ಎನಿಸಿತು. ಹತ್ತು ನಿಮಿಷ. ಟಿಕ್. ಹಾಳೆಯಲ್ಲಿ ಮೊಣಕೈಗೆ ಕಾಲಂ ಇರಲಿಲ್ಲ. ಹೊರಡುವಾಗ “ದೊಡ್ಡಾಸ್ಪತ್ರೆನಾ?” ಎಂದು ಅವಳು ಕೇಳಿದ್ದಳು, “ಹೌದು” ಎಂದಿದ್ದ. ಅದು ಐವತ್ತೆರಡನೇ ನಿಮಿಷ. ಲೆಕ್ಕಕ್ಕೆ ಬರುವುದಿಲ್ಲ.

ಚರ್ಚು ತಲುಪಿದಾಗ ಆರಾಧನೆ ಮುಗಿದು ಜನ ಚದುರುತ್ತಿದ್ದರು. ಬಾಗಿಲಲ್ಲಿ ಅವಳೇ. ಅವಳು ತಲೆಯಾಡಿಸಿ ಬಾಗಿಲು ಇನ್ನೊಂದು ಗೇಣು ತೆಗೆದಳು, ಅಷ್ಟೇ. ಗುರುತು ಸಿಕ್ಕಿರಲಿಲ್ಲ. ಸಭಾಪಾಲಕರು ಓಡಿ ಬಂದು ಕೈ ಕುಲುಕಿದರು. ಮೂವತ್ತೈದರ ಆಸುಪಾಸಿನ, ಯಾವ ಮಾತಿಗೂ ಮೊದಲು ಹೌದು ಎಂದುಬಿಟ್ಟು ಆಮೇಲೆ ಯೋಚಿಸುವ ಮನುಷ್ಯ. ಫೋನಿನಲ್ಲಿ ಮಾತಾಡಿದ್ದೇ ಹೊರತು ಮುಖ ನೋಡಿರಲಿಲ್ಲ. “ನಮ್ಮ ಬಾಗಿಲಜ್ಜಿ” ಎಂದು ಪರಿಚಯಿಸಿದರು, “ಮೂವತ್ತೊಂದು ವರ್ಷ ಆಯ್ತು ಸರ್, ಒಂದು ಭಾನುವಾರ ತಪ್ಪಿಸಿಲ್ಲ. ಮಕ್ಕಳಿಲ್ಲ ಮರಿಯಿಲ್ಲ, ಈ ಬಾಗಿಲೇ ಎಲ್ಲ.” ಅವನು ಕೈ ಮುಗಿದ. ಮೀಟಿಂಗ್ ಕೋಣೆಗೆ ಹೋಗುವ ಗೋಡೆಯ ಮೇಲೆ ಕರಿಹಲಗೆಯೊಂದಿತ್ತು. ‘ಈ ವಾರದ ಪ್ರಾರ್ಥನೆಗಳು’ ಎಂದು ತಲೆಬರಹ. ಯಾರದೋ ಪರೀಕ್ಷೆ, ಯಾರದೋ ಹೆರಿಗೆ, ಮೇಷ್ಟ್ರ ಮಂಡಿನೋವು. ಎಲ್ಲಕ್ಕಿಂತ ಮೇಲೆ, ಪದೇಪದೇ ತಿದ್ದಿ ಬರೆದು ದಪ್ಪವಾದ ಅಕ್ಷರಗಳಲ್ಲಿ: ‘ಹಿಂದಿನ ಬೆಂಚಿನವರ ಹೆಂಡತಿ. ಆಪರೇಷನ್. ಆರನೇ ವಾರ.’ ಅವನು ಅದನ್ನು ಎರಡು ಸಲ ಓದಿದ. “ಅದಾ ಸರ್” ಎಂದರು ಸಭಾಪಾಲಕರು ಹೆಮ್ಮೆಯಿಂದ, “ಯಾರೋ ಹೊಸಬರು ಬಂದಿದ್ರಂತೆ. ಹೆಸರೂ ಗೊತ್ತಿಲ್ಲ. ನಮ್ಮಜ್ಜಿ ಬಿಡಲ್ಲ ನೋಡಿ.” ಇದನ್ನು ಯಾವ ನಾಡಿಗೆ ಸೇರಿಸಲಿ ಎಂಬ ಯೋಚನೆ ಅವನಿಗೆ ಮೊದಲು ಬಂತು. ನಾಚಿಕೆ ಬಂದದ್ದು ಅದರ ಹಿಂದೆ, ನಿಧಾನವಾಗಿ.

ಕೋಣೆಯಲ್ಲಿ ಒಂಬತ್ತು ಜನ, ಉದ್ದನೆಯ ಮೇಜು, ಗೋಡೆಯ ಮೇಲೆ ಅವನ ಬಣ್ಣದ ವೃತ್ತಗಳು. ಕಾರ್ಯದರ್ಶಿ ನಿವೃತ್ತ ಮೇಷ್ಟ್ರು, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಬಾಗಿಲಜ್ಜಿ ಚಹಾದ ತಟ್ಟೆ ತಂದು ಎಲ್ಲರಿಗೂ ಕೊಟ್ಟು, ಹೋಗದೆ ಬಾಗಿಲ ಹತ್ತಿರ ನಿಂತಳು. ಅವನ ನಾಲಿಗೆ ತನ್ನ ಪಾಡಿಗೆ ತಾನು ನಡೆಯಿತು. ಆಲಿಕೆಯ ನಾಡಿ ಸಾಧಾರಣ, ಹಂಚಿಕೆಯ ನಾಡಿ ಉತ್ತಮ, ನಾಯಕತ್ವದಲ್ಲಿ ಬೆಳೆಯುವ ಅವಕಾಶ. ಒಂಬತ್ತು ತಲೆಗಳೂ ದೂಗಿದವು. ನಾಲ್ಕನೇ ಪುಟ ಬಂದಾಗ ದನಿ ತಗ್ಗಿಸಿ, ನೋವಾಗದಂತೆ ಹೇಳುವವನ ಮುಖ ಮಾಡಿಕೊಂಡು, ಸ್ವಾಗತ, ಸೊನ್ನೆ, ಬ್ಯಾಡ್ಜ್, ನಾಲ್ವರ ತಂಡ ಎಂದು ಓದಿದ. ಯಾರೂ ಅಜ್ಜಿಯ ಕಡೆ ನೋಡಲಿಲ್ಲ. ಮೇಷ್ಟ್ರು ಪೆನ್ಸಿಲು ಕೈಗೆ ತೆಗೆದುಕೊಂಡು, “ಸೊನ್ನೆ ಅಂದ್ರೆ, ಒಂದು ಅಂಕಾನೂ ಇಲ್ವಾ?” ಎಂದರು. ಅವನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಮಾತಾಡಿದಳು.

“ಅಯ್ಯನವರೇ, ಇವರು ಹೇಳಿದ್ದು ಒಳ್ಳೇದೇ ಆಯ್ತು. ನಾನೇ ಹೇಳಬೇಕು ಅಂತಿದ್ದೆ, ಬಾಯಿ ಬಂದಿರಲಿಲ್ಲ. ಬಾಗಿಲು ಬಿಟ್ಟುಬಿಡ್ತೀನಿ.” ಸಭಾಪಾಲಕರು ಏನೋ ಹೇಳಲು ಹೋದರು; ಅವಳು ಕೈ ಅಡ್ಡ ಹಿಡಿದಳು. “ಆ ಹಿಂದಿನ ಬೆಂಚಿನವರು ಬಂದಿದ್ರಲ್ಲ, ಮೂರನೇ ಮಹಡಿ ಅಂದ್ರು, ಕಿಟಕಿ ಪಕ್ಕದ ಹಾಸಿಗೆ ಅಂದ್ರು. ಹೋದೆ. ಅಲ್ಲಿ ಸೊಂಟ ಮುರಿದ ಮುದುಕಿ ಇದ್ಲು, ಮದುವೇನೇ ಆಗಿಲ್ಲವಂತೆ. ಆ ವಾರ್ಡಲ್ಲಿ ಹನ್ನೆರಡು ಹಾಸಿಗೆ, ಒಬ್ಬೊಬ್ಬರನ್ನೂ ಕೇಳ್ದೆ. ಎರಡನೇ ಮಹಡಿ ನೋಡ್ದೆ, ನಾಲ್ಕನೇದು ನೋಡ್ದೆ. ನರ್ಸಮ್ಮ ರಿಜಿಸ್ಟರು ತೆಗೆದು ನೋಡಿ, ಅಂಥ ಆಪರೇಷನ್ನು ಆ ವಾರ ಇಲ್ಲವೇ ಇಲ್ಲ ಅಂದ್ಲು. ಆರು ವಾರ ಹೋದೆ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಇಷ್ಟು ವರ್ಷ ಯಾರು ಎಲ್ಲಿ ಕೂತಿದ್ರು, ಯಾರ ಮನೇಲಿ ಏನು, ಒಂದೂ ಮರೆತವಳಲ್ಲ. ನಮ್ಮಕ್ಕನಿಗೂ ಹೀಗೇ ಶುರುವಾಗಿತ್ತು, ಕೇಳದೇ ಇದ್ದದ್ದು ಕೇಳಿದೆ ಅನ್ನೋಳು. ಕೊನೇಲಿ ನನ್ನ ಗುರುತೂ ಇರಲಿಲ್ಲ ಅವಳಿಗೆ. ನಂದೂ ತಲೆ ಕೈ ಕೊಡ್ತಿದೆ. ಒಬ್ಬ ಮನುಷ್ಯ ಹೆಂಡತಿ ಕಷ್ಟ ಹೇಳ್ಕೊಂಡ್ರೆ ನೆಟ್ಟಗೆ ನೆನಪಿಟ್ಟುಕೊಳ್ಳೋಕೆ ಆಗದವಳು ಬಾಗಿಲಲ್ಲಿ ಯಾಕಿರಬೇಕು? ಭಯ ಆಗ್ತದೆ ಅಯ್ಯನವರೇ, ರಾತ್ರಿ ಎಲ್ಲ ಅದೇ.” ಕೊನೆಯ ಮಾತು ಅವಳು ಹೇಳಬೇಕೆಂದು ಹೇಳಿದ್ದಲ್ಲ, ಜಾರಿ ಬಂದದ್ದು.

ಒಂದು ವಾಕ್ಯ ಸಾಕಿತ್ತು. ಅಜ್ಜಿ, ನೀವು ಕೇಳಿದ್ದೂ ಸರಿ, ನೆನಪಿಟ್ಟದ್ದೂ ಸರಿ, ಸುಳ್ಳು ಹೇಳಿದವನು ನಾನು. ವಾಕ್ಯ ಅವನ ಗಂಟಲವರೆಗೂ ಬಂತು. ಅದರ ಹಿಂದೆಯೇ ಬಂದವು ಮುಂದಿನ ತಿಂಗಳ ಎರಡು ಚರ್ಚುಗಳು, ಪ್ಲಾಸ್ಟಿಕ್ ಹೊದಿಸಿದ ಸರ್ಟಿಫಿಕೇಟು, ಈ ಒಂಬತ್ತು ಜನ ಊರಿಗೆಲ್ಲ ಫೋನು ಮಾಡುವುದು, ಬಟ್ಟೆ ಅಂಗಡಿಯ ಮುದುಕಿಗೂ ಅದು ತಲುಪುವುದು. ವಾಕ್ಯ ತಿರುಗಿ ಹೊಟ್ಟೆಗೆ ಹೋಯಿತು. ಮೇಷ್ಟ್ರು ಮಾತ್ರ ಪೆನ್ಸಿಲಿನಿಂದ ಮೇಜು ಕುಟ್ಟುತ್ತ ಯೋಚಿಸುತ್ತಿದ್ದರು. “ಅಲ್ಲಾ ಸರ್, ನಿಮ್ಮವರು ಒಬ್ಬರು ಗುಟ್ಟಾಗಿ ಬಂದು ನೋಡಿ ಹೋಗ್ತಾರೆ ಅಂದಿದ್ರಿ. ಆ ಹಿಂದಿನ ಬೆಂಚಿನವರು ನಿಮ್ಮ ತಂಡದವರೇ ಏನಾದ್ರೂ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕೈ ಜೇಬಿಗೆ ಹೋಯಿತು, ಹೆಬ್ಬೆರಳು ಗುಂಡಿ ಹುಡುಕಿತು, ಮೌನವಾಗಿದ್ದ ಆ ಕೋಣೆಯಲ್ಲಿ ಟಿಕ್ ಎಂದಿತು. ಅಜ್ಜಿ ತಲೆ ಎತ್ತಿದಳು.

“ಈ ಸದ್ದು” ಎಂದಳು. ಹತ್ತಿರ ಬಂದು ಅವನ ಮುಖವನ್ನು, ಆವತ್ತು ನೋಡಿದ ಹಾಗೆಯೇ, ನೋಡಿದಳು. “ಆವತ್ತೂ ಎರಡು ಸಲ ಕೇಳ್ತು, ಹೆಂಡತಿ ಮಾತ್ರೆ ಡಬ್ಬಿ ಅಂದ್ಕೊಂಡಿದ್ದೆ. ಇವರೇ, ಅಯ್ಯನವರೇ. ಗಡ್ಡ ಇತ್ತು.” ಅವಳ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ಸಂತೋಷ. “ಹೇಗಿದ್ದಾರೆ ನಿಮ್ಮ ಮನೆಯವರು?” ಸಭಾಪಾಲಕರು ಎದ್ದೇ ನಿಂತರು. “ಸರ್, ನೀವೇ ಬಂದಿದ್ರಾ? ಹೆಂಡತೀನ ಆಸ್ಪತ್ರೇಲಿ ಬಿಟ್ಟು ನಮ್ಮ ಕೆಲಸಕ್ಕೆ ಬಂದಿದ್ರಾ?” ಎಂದರು, ಅವರ ಕಣ್ಣು ಒದ್ದೆಯಾದವು. ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಇಂಥ ಸಭೆಗೆ ಇಂಥ ವೈದ್ಯನೇ ಸರಿ ಎಂದು ಅವನೊಳಗಿನ ಒಬ್ಬ ಉಗಿದ. ಇನ್ನೊಬ್ಬ ಆ ಚಪ್ಪಾಳೆಯ ಆಸರೆ ಹಿಡಿದು ಆಗಲೇ ಲೆಕ್ಕ ಹಾಕುತ್ತಿದ್ದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಜ್ಜಿಯ ತಲೆಯೂ ಸರಿಯಿರಬೇಕು, ತನ್ನ ಮಾನವೂ ಉಳಿಯಬೇಕು. “ಹುಷಾರಾಗಿದ್ದಾಳೆ” ಎಂದ. ದನಿ ನಡುಗಿದ್ದು ಅನುಕೂಲಕ್ಕೇ ಬಂತು. “ಅಜ್ಜಿ ಹೇಳಿದ್ದು ಸರಿಯಾಗೇ ಇದೆ. ಮೂರನೇ ಮಹಡೀನೇ. ಆದ್ರೆ ಮಾರನೇ ದಿನ ಬೆಳಿಗ್ಗೇನೇ ಬೇರೆ ಆಸ್ಪತ್ರೆಗೆ ಸಾಗಿಸಿದ್ವಿ. ಅದಕ್ಕೇ ನಿಮಗೆ ಸಿಕ್ಕಿಲ್ಲ.” ಹೇಳಿ ಮುಗಿಸಿದಾಗ ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದು ಅವನಿಗೆ ಅನಿಸಿತು ಕೂಡ.

“ಮಾರನೇ ದಿನವಾ?” ಎಂದಳು ಅಜ್ಜಿ. “ನಾನು ಆವತ್ತೇ ಸಂಜೆ ಹೋಗಿದ್ದೆನಲ್ಲ.”

ಮೇಷ್ಟ್ರ ಪೆನ್ಸಿಲು ನಿಂತಿತು. ಅವರು ಅವನ ಕಡೆ ನೋಡಿದರು, ಅಜ್ಜಿಯ ಕಡೆ ನೋಡಿದರು, ಮತ್ತೆ ಅವನ ಕಡೆ. ನಾಲ್ಕು ವರ್ಷ ಕಾಯಿಲೆಗಳ ಮೇಲೆ ಕಾಯಿಲೆ ಕಟ್ಟಿದವನಿಗೆ ಈಗ ಒಂದು ಆಂಬುಲೆನ್ಸ್ ಹೊರಡಿಸಲು ಆಗಲಿಲ್ಲ. ಅಜ್ಜಿ ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಸಂತೋಷ ಹೋಯಿತು, ಏನೋ ಗೊತ್ತಾಯಿತು. ಮೊದಲು ಗೊತ್ತಾದದ್ದು ತನ್ನ ತಲೆ ನೆಟ್ಟಗಿದೆಯೆಂದು, ಅವಳ ಆ ಎತ್ತರದ ಭುಜ ಸಡಿಲವಾಗಿ ಇಳಿಯಿತು. ಆಮೇಲೆ ಗೊತ್ತಾದದ್ದು ಉಳಿದದ್ದೆಲ್ಲ. ಇನ್ನೊಂದು ಗಳಿಗೆ ಬಿಟ್ಟರೆ ಮೇಷ್ಟ್ರು ಕೇಳಿಬಿಡುತ್ತಿದ್ದರು. ಅವಳು ಮೇಷ್ಟ್ರ ಕಡೆ ತಿರುಗಿ ಹಣೆಗೆ ಕೈ ಹಚ್ಚಿಕೊಂಡಳು. “ಅಯ್ಯೋ, ಆವತ್ತೆಲ್ಲಿ, ಬುಧವಾರ ಇರಬೇಕು ಹೋಗಿದ್ದು. ನೋಡಿ, ಇದಕ್ಕೇ ಹೇಳಿದ್ದು. ತಲೆ ಅನ್ನೋದು ಪೂರ್ತಿ ಹೋಗಿದೆ.” ಕೋಣೆ ಉಸಿರು ಬಿಟ್ಟಿತು. ಯಾರೋ ವಯಸ್ಸಿಗೆ ಇದೆಲ್ಲ ಸಹಜ ಎಂದರು. ಸಭಾಪಾಲಕರು ಅಜ್ಜಿಯ ಸೇವೆಗೆ ವಂದಿಸಿ, ವರದಿ ಅಂಗೀಕರಿಸಲಾಗಿದೆ ಎಂದರು. ಮುಂದಿನ ವಾರದಿಂದ ನಾಲ್ವರ ತಂಡ. ಮೇಷ್ಟ್ರು ತಡೆದು ತಡೆದು ಬರೆದುಕೊಂಡರು. ಎರಡು ಮಾತಾಡಿ ಎಂದು ಸಭಾಪಾಲಕರು ಅವನನ್ನು ಕೇಳಿದರು. ಅವನು ಎದ್ದು ನಿಂತು, ಸ್ಥಾನವನ್ನು ಸಂತೋಷದಿಂದ ಬಿಟ್ಟುಕೊಡುವುದು ಆರೋಗ್ಯವಂತ ಸಭೆಯ ಲಕ್ಷಣ ಎಂದ. ಬಾಯಿ ಹೇಗೆ ಬಂತೋ, ಬಂತು.

ಎಲ್ಲರೂ ಹೋದ ಮೇಲೆ ಅವನು ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದ. ಅಜ್ಜಿ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತಿದ್ದಳು. “ನಿಮಗೆ ಹೆಂಡತಿ ಅಂತ ಇದ್ದಾರಾ?” ಎಂದು ಕೇಳಿದಳು. “ಇದ್ದಾಳೆ.” “ಹುಷಾರಾಗಿದ್ದಾರಾ?” “ಹುಷಾರಾಗಿದ್ದಾಳೆ.” “ಯಾವತ್ತೂ ಹುಷಾರಾಗೇ ಇದ್ರು.” ಅದು ಪ್ರಶ್ನೆಯಲ್ಲ, ಆದರೂ ಅವನು ತಲೆಯಾಡಿಸಿದ. ಆಮೇಲೆ ಅವನಿಗೆ ಏನೋ ಉಕ್ಕಿ ಬಂತು. “ಅಜ್ಜಿ, ನೀವು ಒಳಗೆ ನನ್ನ ಮಾನ ಉಳಿಸಿದಿರಿ, ನಾನು ಹೇಗೆ” ಎನ್ನುವಷ್ಟರಲ್ಲಿ ಅವಳು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. “ನಿಮ್ಮ ಮಾನ ಯಾರಿಗೆ ಬೇಕಾಗಿತ್ತು. ಇಂಥವನೊಬ್ಬ ಬಂದು ಅತ್ತು ಹೋದ ಅಂತ ಇವರಿಗೆ ತಿಳಿದ್ರೆ, ಇನ್ಮೇಲೆ ಆ ಬೆಂಚಲ್ಲಿ ಯಾರು ಕೂತು ಅತ್ತರೂ ಇವರು ಮೊದಲು ಅವನ ಜೇಬು ನೋಡ್ತಾರೆ. ನಿಜವಾಗ್ಲೂ ಹೆಂಡತೀನ ಆಸ್ಪತ್ರೇಲಿ ಮಲಗಿಸಿ ಬಂದವನು ಒಬ್ಬ ಬಂದೇ ಬರ್ತಾನೆ. ಅವನನ್ನ ಇವರು ನಂಬಬೇಕು. ಅದಕ್ಕೆ ನಾನು ಹುಚ್ಚಿ ಅಂತ ಆದರೂ ಆಗಲಿ.” ಚರ್ಚಿನ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಲು ಹೋದಳು, ಉಗುರು ಜಾರಿ ಬರಲಿಲ್ಲ. ಮೂವತ್ತೊಂದು ವರ್ಷ ಅದನ್ನು ಬಿಡಿಸಿರಲಿಲ್ಲ. “ಬಾಗಿಲು ನಂಗೆ ಇಷ್ಟ ಇತ್ತು” ಎಂದಳು, ಅವನಿಗಲ್ಲ. ದನಿ ಒಡೆಯಿತು. ಅವನು ಸಹಾಯಕ್ಕೆ ಕೈ ಚಾಚಿದ, ಅವಳು ಗೊಂಚಲನ್ನು ಹಿಂದಕ್ಕೆ ಎಳೆದುಕೊಂಡಳು. “ಆ ಬೋರ್ಡಿನ ಮೇಲಿಂದು ನೀವೇ ಒರೆಸಿ ಹೋಗಿ. ನನ್ನ ಕೈಯಲ್ಲಿ ಆಗಲ್ಲ.”

ಡಸ್ಟರ್ ಸಿಗಲಿಲ್ಲ. ಅಂಗೈಯಿಂದ ಒರೆಸಿದ. ಆರು ವಾರ ತಿದ್ದಿ ತಿದ್ದಿ ಬರೆದದ್ದು ಸುಲಭಕ್ಕೆ ಹೋಗಲಿಲ್ಲ. ಹೆಬ್ಬೆರಳಿಂದ ಒಂದೊಂದು ಅಕ್ಷರವನ್ನೂ ಉಜ್ಜಬೇಕಾಯಿತು. ಅವಳು ಬಾಗಿಲಲ್ಲಿ ನಿಂತು ಕಾದಳು. ಅವನು ಹೊರಗೆ ಬಂದಾಗ ತಲೆಯಾಡಿಸಲಿಲ್ಲ.

ಬಸ್ಸಿನಲ್ಲಿ ಫೋನು ಕೈಗೆ ತೆಗೆದುಕೊಂಡು ಸಭಾಪಾಲಕರ ನಂಬರು ತೆಗೆದ. ಅಜ್ಜಿ ಹೇಳಿದ್ದೇ ನಿಜ, ಇಷ್ಟು ಹೇಳಿದರೆ ಆಯಿತು. ಮೊದಲ ಸ್ಟಾಪಿನಲ್ಲಿ ಆ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದ. ಎರಡನೇ ಸ್ಟಾಪಿನಲ್ಲಿ, ಹೇಳುವುದು ಬೇಡವೆಂದು ಅಜ್ಜಿಯೇ ಅಂದಳಲ್ಲ ಎಂದು ನೆನಪಾಯಿತು. ಮೂರನೇ ಸ್ಟಾಪಿನ ಹೊತ್ತಿಗೆ, ಮುಂದೆ ಬರಲಿರುವ ಆ ನಿಜವಾದ ದುಃಖಿಯ ಸಲುವಾಗಿ ತಾನು ಬಾಯಿ ಮುಚ್ಚಿಕೊಂಡಿರುವುದೇ ಧರ್ಮ ಎಂದಾಗಿತ್ತು. ಒಬ್ಬ ಮುದುಕಿ ತನ್ನ ಬುದ್ಧಿಯನ್ನೇ ಅಡವಿಟ್ಟು ಮಾಡಿದ್ದನ್ನು ಮೂರು ಸ್ಟಾಪಿನಲ್ಲಿ ತನ್ನ ದಿಂಬು ಮಾಡಿಕೊಂಡುಬಿಟ್ಟಿದ್ದ. ಅದು ಅವನಿಗೆ ಕಾಣಿಸಿತು. ಕಾಣಿಸಿಯೂ ಫೋನು ಜೇಬಿಗೆ ಹೋಯಿತು. ಛೀ ಎಂದುಕೊಂಡ. ಛೀ ಎಂದುಕೊಂಡದ್ದರಲ್ಲಿ ಸ್ವಲ್ಪ ಸಮಾಧಾನವಾಯಿತು, ಅದಕ್ಕೂ ಒಂದು ಛೀ.

ಮನೆಯಲ್ಲಿ ಹೆಂಡತಿ ಕೊನೆಯ ಕಾಪಿ ಪುಸ್ತಕ ಮುಚ್ಚುತ್ತಿದ್ದಳು. “ಹೇಗಿದ್ದೀನಂತೆ ನಾನು?” ಎಂದಳು. ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕೋಟು ಸಹ ಬಿಚ್ಚದೆ, ಕೂತ. “ನಿನ್ನನ್ನ ಒಬ್ಬರು ಆರು ವಾರ ಹುಡುಕಿದಾರೆ” ಎಂದ, “ಮೂರು ಮಹಡಿ.” ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿ ಅವನನ್ನು ನೋಡಿದಳು. ಅವನು ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಇವನು ಈ ಒಂದು ಸಲ ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ತಿಳಿಯಿತು. ಅವನ ಹೆಬ್ಬೆರಳಿನ ಸೀಮೆಸುಣ್ಣವನ್ನೂ ನೋಡಿದಳು. ಮೇಜಿನ ಹತ್ತಿರದ ಕುರ್ಚಿಯನ್ನು ಎಳೆದು ತಂದು ಅವನ ಪಕ್ಕಕ್ಕೆ ಹಾಕಿಕೊಂಡು ಕೂತಳು. ಅವಳ ಮೊಣಕೈ ಅವನ ಮೊಣಕೈಗೆ ತಾಗಿತು. ಎಷ್ಟು ವರ್ಷವಾಗಿತ್ತೋ ಹೀಗೆ ಕೂತು. ಅವನ ಕಣ್ಣು ತುಂಬಿದವು, ಈಗ ಎಲ್ಲವನ್ನೂ ಹೇಳಿಬಿಡುತ್ತೇನೆ, ನಾಳೆ ಅವಳನ್ನು ಕರೆದುಕೊಂಡು ಹೋಗಿ ಅಜ್ಜಿಯ ಮುಂದೆ ನಿಲ್ಲುತ್ತೇನೆ ಎಂದು ಅವನು ನಿಜವಾಗಿಯೂ ಅಂದುಕೊಂಡ.

ಜೇಬಿನೊಳಗೆ ಟಿಕ್ ಎಂದಿತು.

ಅವನು ಒತ್ತಬೇಕೆಂದು ಒತ್ತಿರಲಿಲ್ಲ. ಸದ್ದು ಇಬ್ಬರಿಗೂ ಕೇಳಿಸಿತು. ಅವಳ ಶಾಲೆಯ ಗಡಿಯಾರ. ಅದರ ಸದ್ದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳು ಮೆಲ್ಲಗೆ ಮೊಣಕೈ ತೆಗೆದುಕೊಂಡಳು. ಎದ್ದು, ಕುರ್ಚಿಯನ್ನು ಮೇಜಿನ ಹತ್ತಿರ ಮೊದಲಿದ್ದ ಜಾಗದಲ್ಲೇ ಇಟ್ಟು, ಕಾಪಿ ಪುಸ್ತಕಗಳನ್ನು ಎತ್ತಿಕೊಂಡಳು.

“ಎಷ್ಟಾಯ್ತು ನಂದು?” ಎಂದು ಕೇಳಿದಳು.